370ನೆಯ ಓಟಗಾರ

ಯಾರೊಬ್ಬರೂ ತಪ್ಪು ಮಾಡದೆಯೇ ಒಂದು ಕೇಡು ಸಂಭವಿಸಬಹುದೇ? ಸಂಭವಿಸಿದಲ್ಲಿ ಅದರ ಹೊಣೆಯನ್ನು ಯಾರ ಮೇಲೆ ಹೊರಿಸತಕ್ಕದ್ದು? ಕಾಡಿನ ಕಾಲುದಾರಿಯಲ್ಲಿ ಒಬ್ಬನು ಓಡಿದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ಸಾವಿರ ಜನ ಒಂದೇ ಬೆಳಗಿನಲ್ಲಿ ಓಡಿದರೆ ಹುಲ್ಲು ಸಾಯುತ್ತದೆ, ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುತ್ತದೆ, ಮಳೆಯ ನೀರು ಒಳಗಿಳಿಯಲಾರದೆ ದಾರಿಯನ್ನೇ ಕಾಲುವೆಯಾಗಿ ಮಾಡಿಕೊಂಡು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಆ ಸಾವಿರ ಜನರಲ್ಲಿ ಒಬ್ಬೊಬ್ಬನನ್ನೂ ಕರೆದು ಕೇಳಿದರೆ, "ನಾನೊಬ್ಬನು ಓಡಿದ್ದರಿಂದ ಆದದ್ದೇನು?" ಎಂದಾನು. ಆ ಮಾತು ಸುಳ್ಳೂ ಅಲ್ಲ.

ಬಯಲಿನಲ್ಲಿ ಜರುಗುವ ಕ್ರೀಡೋತ್ಸವಗಳನ್ನು ನಿಸರ್ಗಕ್ಕೆ ಹಾನಿಯಾಗದಂತೆ ನಡೆಸುವ ಬಗೆ ಹೇಗೆಂಬ ಚರ್ಚೆ ಈಚೆಗೆ ಅನೇಕ ದೇಶಗಳಲ್ಲಿ ನಡೆದಿದೆ. ಅದರ ಬಹುಭಾಗ ಕಸದ ಸುತ್ತಲೇ ಸುತ್ತುತ್ತದೆ. ಲಂಡನ್ ಮ್ಯಾರಥಾನಿನವರು 2018ರಲ್ಲಿ ಬಳಸಿದ 9 ಲಕ್ಷ 20 ಸಾವಿರ ಪ್ಲಾಸ್ಟಿಕ್ ಬಾಟಲಿಗಳನ್ನು ಮರುವರ್ಷ 7 ಲಕ್ಷ 4 ಸಾವಿರಕ್ಕೆ ಇಳಿಸಿದರು. ಕಡಲಪಾಚಿಯಿಂದ ಮಾಡಿದ, ನುಂಗಿಬಿಡಬಹುದಾದ ಪೊಟ್ಟಣಗಳಲ್ಲಿ ಪಾನೀಯ ಕೊಟ್ಟು ನೋಡಿದರು. ಆಲ್ಪ್ಸ್ ಪರ್ವತದಲ್ಲಿ ಮೋಂ ಬ್ಲಾಂ ಶಿಖರವನ್ನು ಸುತ್ತಿ ಬರುವ ಓಟದಲ್ಲಿ ಪ್ರತಿಯೊಬ್ಬನೂ ತನ್ನ ಲೋಟವನ್ನು ತಾನೇ ಹೊತ್ತೊಯ್ಯಬೇಕು. ಇವೆಲ್ಲ ಒಳ್ಳೆಯವೇ. ಆದರೆ ಕಸವು ಕಣ್ಣಿಗೆ ಕಾಣುವ ಕೇಡು. ಗುಡಿಸಿ ಹಾಕಿದರೆ ಮನಸ್ಸಿಗೆ ಸಮಾಧಾನ. ಗುಡಿಸಲಾಗದ ಕೇಡು ಜನರ ಎಣಿಕೆಯಲ್ಲಿಯೇ ಇದೆ. ಶುಚಿಯಾಗಿರಿ ಎಂದರೆ ಎಲ್ಲರೂ ತಲೆದೂಗುತ್ತಾರೆ. ಇಷ್ಟೇ ಜನ ಸಾಕು ಎಂದರೆ ಒಪ್ಪುವವರು ಕಡಿಮೆ.

ಹೀಗೆ ಸಾಕೆಂದು ಹೇಳಿದ, ಇಲ್ಲವೇ ಹೇಳಬೇಕಾಗಿ ಬಂದ, ಒಂದು ಓಟದ ವೃತ್ತಾಂತ ವಿಚಾರಾರ್ಹವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿಯೆರಾ ನೆವಾಡ ಪರ್ವತವನ್ನು ದಾಟಿ ಆಬರ್ನ್ ಪಟ್ಟಣ ಸೇರುವ 100 ಮೈಲಿಗಳ ಹಾದಿಯಲ್ಲಿ 1955ರಿಂದ ಕುದುರೆ ಸವಾರರ ಸ್ಪರ್ಧೆ ನಡೆಯುತ್ತಿತ್ತು. 1974ರಲ್ಲಿ ಗಾರ್ಡಿ ಏನ್ಸ್ಲಿ ಎಂಬ ಸವಾರನು ಕುದುರೆಯಿಲ್ಲದೆ ಅದೇ ಹಾದಿಯನ್ನು 23 ಗಂಟೆ 42 ನಿಮಿಷಗಳಲ್ಲಿ ಓಡಿ ಮುಗಿಸಿದನು. ಅಲ್ಲಿಂದ ಹುಟ್ಟಿದ್ದು ವೆಸ್ಟರ್ನ್ ಸ್ಟೇಟ್ಸ್ ಓಟ. 1984ರಲ್ಲಿ ಆ ಹಾದಿಯ ಆರಂಭದ ಕೆಲವು ಮೈಲಿಗಳನ್ನೊಳಗೊಂಡ ಗ್ರಾನೈಟ್ ಚೀಫ್ ಪ್ರದೇಶವನ್ನು ಕಾಯಿದೆಯ ಮೂಲಕ ಸಂರಕ್ಷಿತ ವನ್ಯಪ್ರದೇಶವೆಂದು ಸಾರಲಾಯಿತು. ಇಂಥ ಪ್ರದೇಶಗಳಲ್ಲಿ ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಕಾಯಿದೆಗೂ ಮೊದಲಿನಿಂದ ನಡೆದು ಬಂದುದರಿಂದ ಈ ಓಟಕ್ಕೆ ವಿನಾಯಿತಿ ದೊರೆಯಿತು. ಆದರೆ ಆ ಕಾಲದ ಪ್ರಮಾಣಕ್ಕೆ ಸರಿಯಾಗಿ ಓಟಗಾರರ ಸಂಖ್ಯೆ ಸರಾಸರಿ 369ನ್ನು ಮೀರಕೂಡದೆಂದು ನಿರ್ಬಂಧವಾಯಿತು. ನಾಲ್ಕು ದಶಕಗಳು ಕಳೆದರೂ ಆ ಎಣಿಕೆ ಹಾಗೆಯೇ ಉಳಿದಿದೆ. ಈಚಿನ ವರ್ಷಗಳಲ್ಲಿ ಅರ್ಜಿ ಹಾಕುವವರಾದರೋ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟಿದ್ದಾರೆ.

ಇಲ್ಲಿ ತಾರ್ಕಿಕನು ಎದ್ದು ನಿಲ್ಲುತ್ತಾನೆ. 369ರಲ್ಲಿ ಪಾವಿತ್ರ್ಯವೇನಿದೆ? 370ನೆಯವನು ಬಂದರೆ ಬೆಟ್ಟ ಕುಸಿಯುತ್ತದೆಯೇ? ಇಲ್ಲ, ಖಂಡಿತ ಇಲ್ಲ. ಆ ಸಂಖ್ಯೆ ಇತಿಹಾಸದ ಆಕಸ್ಮಿಕವೆಂಬುದನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ ಇದೇ ತರ್ಕ 371ನೆಯವನಿಗೂ ಸಲ್ಲುತ್ತದೆ, 3,000ನೆಯವನಿಗೂ ಸಲ್ಲುತ್ತದೆ. ಎಲ್ಲಿಯೂ ನಿಲ್ಲಲಾರದ ತರ್ಕವನ್ನು ಎಲ್ಲಿಯಾದರೂ ನಿಲ್ಲಿಸಲೇಬೇಕು; ನಿಲ್ಲಿಸುವ ಗೆರೆ ತುಸು ಅತ್ತಿತ್ತ ಇರಬಹುದಿತ್ತೆಂಬುದು ಗೆರೆಯೇ ಬೇಡವೆನ್ನಲು ಕಾರಣವಾಗಲಾರದು. ಹೊಲದ ಬದುವನ್ನು ಒಂದು ಗೇಣು ಆಚೆ ಹಾಕಬಹುದಿತ್ತೆಂದು ಯಾವ ರೈತನೂ ಬದುವನ್ನೇ ಕಿತ್ತೊಗೆಯುವುದಿಲ್ಲ.

ಇದಕ್ಕಿಂತಲೂ ಕಠಿಣವಾದದ್ದು ನ್ಯಾಯದ ಪ್ರಶ್ನೆ. ಏನೂ ಅಪರಾಧ ಮಾಡದ, ವರ್ಷಗಟ್ಟಲೆ ದೇಹವನ್ನು ದಂಡಿಸಿ ಸಿದ್ಧನಾದ ಒಬ್ಬನನ್ನು ಬಾಗಿಲಲ್ಲಿ ತಡೆದು ಹಿಂದಕ್ಕೆ ಕಳುಹಿಸುವುದು ಯಾವ ನೀತಿ? ಮಿತಿಯನ್ನು ಒಪ್ಪಿದ ಮೇಲೆ ಈ ನೋವು ತಪ್ಪದು. ಅದನ್ನು ಹಂಚುವ ರೀತಿಯಲ್ಲಿ ಮಾತ್ರ ಧರ್ಮಾಧರ್ಮಗಳಿಗೆ ಎಡೆಯಿದೆ. ಶುಲ್ಕವನ್ನು ಏರಿಸುತ್ತ ಹೋದರೆ ಒಂಬತ್ತು ಸಾವಿರವನ್ನು 369ಕ್ಕೆ ಇಳಿಸುವುದು ಸುಲಭ. ಆಗ ಕಾಡು ಧನಿಕರ ತೋಟವಾಗುತ್ತದೆ. ಆ ಹಾದಿಯನ್ನು ಹಿಡಿಯದೆ ಅವರು ಚೀಟಿ ಎತ್ತುತ್ತಾರೆ. ಒಮ್ಮೆ ತಪ್ಪಿದವನು ಮರುವರ್ಷವೂ ಅರ್ಜಿ ಹಾಕಿದರೆ ಅವನ ಚೀಟಿಗಳು ಎರಡಾಗುತ್ತವೆ, ಮತ್ತೆ ತಪ್ಪಿದರೆ ನಾಲ್ಕು, ಬಳಿಕ ಎಂಟು. ಎಲ್ಲ ಸ್ಥಾನಗಳೂ ಚೀಟಿಗೆ ಮೀಸಲಲ್ಲ. ಹಿಂದಿನ ವರ್ಷದ ಮೊದಲ ಹತ್ತು ಮಂದಿ ಪುರುಷರಿಗೆ ಹಾಗೂ ಮೊದಲ ಹತ್ತು ಮಂದಿ ಸ್ತ್ರೀಯರಿಗೆ, ಇತರ ಕೆಲವು ಓಟಗಳಲ್ಲಿ ಮೇಲುಗೈ ಪಡೆದವರಿಗೆ, ಪ್ರಾಯೋಜಕರ ಕಡೆಯವರಿಗೂ ಕೆಲವು ಸ್ಥಾನಗಳುಂಟು. ಕಡೆಯದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಸ್ಥಾನ ದೊರೆತವನಿಗೂ ಒಂದು ಋಣವಿದೆ. ಓಟಕ್ಕೆ ಮೊದಲು ಅವನು ಎಂಟು ಗಂಟೆಗಳ ಸೇವೆ ಸಲ್ಲಿಸಿರಬೇಕು: ಹಾದಿಯ ದುರಸ್ತಿಯಲ್ಲಿಯೋ, ಮತ್ತೊಂದು ಓಟದಲ್ಲಿ ನೀರು ಕೊಡುವ ಕೆಲಸದಲ್ಲಿಯೋ. ಸನಿಕೆ ಹಿಡಿದು ಒಮ್ಮೆ ನೀರಿನ ಕೊರಕಲನ್ನು ಮುಚ್ಚಿದವನಿಗೆ ತನ್ನ ಪಾದದ ಭಾರ ಎಷ್ಟೆಂಬುದು ಉಪದೇಶವಿಲ್ಲದೆಯೇ ತಿಳಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಕಾಳ್ಗಿಚ್ಚು ಈ ಹಾದಿಯ ಒಂದು ಭಾಗವನ್ನು ಸುಟ್ಟಾಗ ಅದನ್ನು ಮತ್ತೆ ನಡೆಯಲು ಯೋಗ್ಯವಾಗಿಸಲು ಸ್ವಯಂಸೇವಕರೂ ಕೈಜೋಡಿಸಿದರು. 2008ರಲ್ಲಿ ಹೀಗೆಯೇ ಬೆಂಕಿ ಬಿದ್ದಾಗ ಓಟವನ್ನೇ ಆ ವರ್ಷ ಕೈಬಿಟ್ಟಿದ್ದರು.

ಆದರೂ ಈ ಏರ್ಪಾಡು ಸಂಪೂರ್ಣವೆಂದು ಹೇಳುವಂತಿಲ್ಲ. ನೆಲಕ್ಕೆ ಹಾಕಿದ ಮಿತಿ ಆಕಾಶವನ್ನು ಅಳೆಯುವುದಿಲ್ಲ. ದೂರದೇಶದಿಂದ ವಿಮಾನದಲ್ಲಿ ಬಂದು ಓಡುವವನು ಹಾದಿಯಲ್ಲಿ ಒಂದು ಕಾಗದದ ಚೂರನ್ನೂ ಬೀಳಿಸದಿರಬಹುದು. ಇಂಥ ಉತ್ಸವಗಳಲ್ಲಿ ವಾಯುಮಂಡಲಕ್ಕೆ ಸೇರುವ ಹೊಗೆಯ ದೊಡ್ಡ ಪಾಲು ಜನರ ಪ್ರಯಾಣದ್ದೇ ಆಗಿರುತ್ತದೆ. ಇನ್ನೊಂದು ತೊಡಕೂ ಇದೆ. ಪ್ರತಿ ಸಲ ಅರ್ಜಿ ಹಾಕುವುದಕ್ಕೆ ಮೊದಲು ಬೇರೊಂದು ಅರ್ಹತಾ ಓಟವನ್ನು ಮುಗಿಸಿರಬೇಕೆಂಬುದು ನಿಯಮ. ಚೀಟಿ ಬಾರದವರು ಮನೆಯಲ್ಲಿ ಕುಳಿತಿರುವುದಿಲ್ಲ. ವರ್ಷವರ್ಷವೂ ಬೇರೆ ಬೇರೆ ಬೆಟ್ಟಗಳಲ್ಲಿ ಓಡುತ್ತಾರೆ. ಗ್ರಾನೈಟ್ ಚೀಫಿನ ಹುಲ್ಲು ಉಳಿದುದರ ಭಾರ ಹೀಗೆ ಇನ್ನಾವುದೋ ಕಣಿವೆಯ ಮೇಲೆ ಬೀಳುತ್ತದೆ. ಆ ಕಣಿವೆಗೆ ಎಷ್ಟು ಜನ ಸಾಕೆಂಬುದನ್ನು ಅಲ್ಲಿಯವರು ಹೊಸದಾಗಿ ಕುಳಿತು ಎಣಿಸಬೇಕಾಗಿದೆ.