ಆಡಕಿಯ ತೊಗರಿ ಹೊಲಕ್ಕೆ ಬಾರದ ಬಡ್ಡಿ ಇಳಿಕೆ

"ನಾವೇನು ಬಡ್ಡಿ ತಿನ್ನುವವರೇ? ರಿಸರ್ವ್ ಬ್ಯಾಂಕು ದರ ಏರಿಸಿದರೆ ನಮಗೇನು, ಇಳಿಸಿದರೆ ನಮಗೇನು?" ಎಂದು ಕೇಳುವವರು ನಮ್ಮಲ್ಲಿದ್ದಾರೆ. ಕೇಳಲು ಇದು ಭಕ್ತಿಯ ಮಾತಿನಂತಿದೆ. ಆದರೆ ನೆರೆಯವನ ಕಷ್ಟವನ್ನು ಅರಿಯದ ಭಕ್ತಿಯನ್ನು ಇಸ್ಲಾಮ್ ಕಲಿಸಿಲ್ಲ.

ಮುಂಬಯಿಯಲ್ಲಿ ಆರು ಮಂದಿಯ ಸಮಿತಿಯೊಂದು 2016ರಿಂದ ಈ ದರವನ್ನು ನಿರ್ಧರಿಸುತ್ತಿದೆ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ದರವದು; ರೆಪೋ ದರವೆನ್ನುತ್ತಾರೆ. 2022ರ ಮೇ ತಿಂಗಳಿಗೆ ಮೊದಲು ಅದು ನೂರಕ್ಕೆ 4 ಇತ್ತು. ಬೆಲೆಯೇರಿಕೆಯನ್ನು ತಡೆಯಲೆಂದು 2023ರ ಫೆಬ್ರವರಿಯೊಳಗೆ ಅದನ್ನು 6.5ಕ್ಕೆ ಏರಿಸಲಾಯಿತು.

ವಾಡಿ, ಶಹಾಬಾದ್ ಕಡೆಯ ಸಂಬಳದಾರನೊಬ್ಬ 2022ರ ಏಪ್ರಿಲ್‌ನಲ್ಲಿ ಶೇ. 7ರ ದರದಲ್ಲಿ 10 ಲಕ್ಷದ ಮನೆ ಸಾಲ ಪಡೆದನೆಂದಿಟ್ಟುಕೊಳ್ಳೋಣ. ಅವನನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಇಪ್ಪತ್ತು ವರ್ಷದ ಸಾಲಕ್ಕೆ ತಿಂಗಳ ಕಂತು 7,753 ರೂ. ಒಂದು ವರ್ಷ ತುಂಬುವ ಮೊದಲೇ ದರ 9.5 ಆದಾಗ ತಿಂಗಳ ಬಡ್ಡಿಯೇ 7,800 ದಾಟುತ್ತದೆ. ಕಂತನ್ನು ಹಾಗೆಯೇ ಬಿಟ್ಟರೆ ಅವನು ತಪ್ಪದೆ ಕಟ್ಟುತ್ತಾನೆ, ಸಾಲ ಮಾತ್ರ ಬೆಳೆಯುತ್ತದೆ! ಹೀಗಾಗಕೂಡದೆಂದು ರಿಸರ್ವ್ ಬ್ಯಾಂಕೇ 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಬೇಕಾಯಿತು. ಅವನ ಸಂಬಳ ಏರಿತೇ, ಮಗಳು ಕಾಯಿಲೆ ಬಿದ್ದಳೇ ಎಂದು ಆ ದರ ಕೇಳುವುದಿಲ್ಲ. ಏರಿಕೆಯ ಪೆಟ್ಟೆಲ್ಲ ಸಾಲಗಾರನಿಗೇ.

2025ರಲ್ಲಿ ದರ ಇಳಿಯಿತು. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ 6.5ರಿಂದ 5.25ಕ್ಕೆ ಬಂತು. ಇದರಿಂದ ಆಡಕಿಯ ಸಣ್ಣ ತೊಗರಿ ರೈತನಿಗೆ ದಕ್ಕಿದ್ದೇನು?

ಅವನಿಗೆ ಹಣ ಬೇಕಾಗುವುದು ಜೂನ್‌ನಲ್ಲಿ, ಬಿತ್ತನೆಗೆ. ತೊಗರಿ ರಾಶಿಯಾಗಿ ಕೈಗೆ ಹಣ ಬರುವುದು ಜನವರಿಯಲ್ಲಿ. ಸಹಕಾರಿ ಸಂಘದ ಬಡ್ಡಿರಹಿತ ಬೆಳೆಸಾಲ ಸಿಕ್ಕಿದವನು ಪಾರಾದ. ಪಹಣಿ ಹೆಸರಿಗಿಲ್ಲದೆ ಲಾವಣಿಗೆ ಹೊಲ ಮಾಡುವವನು ಸಾಹುಕಾರನ ಮುಂದೆ ನಿಲ್ಲಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ 50,000 ತಂದರೆ ಏಳು ತಿಂಗಳಿಗೆ ಬಡ್ಡಿಯೇ 10,500. ರಿಸರ್ವ್ ಬ್ಯಾಂಕು ಇಡೀ ವರ್ಷದಲ್ಲಿ ಇಳಿಸಿದ ಒಂದೂಕಾಲು ಪಾಲು ಪೂರ್ತಿ ಅವನಿಗೇ ತಲುಪಿದರೂ ಉಳಿಯುವುದು ಸುಮಾರು 365 ರೂ. ಅದೂ ತಲುಪುವುದಿಲ್ಲ. ಸಾಹುಕಾರನ ಮೂರು ರೂಪಾಯಿ ಮುಂಬಯಿಯ ಮಾತನ್ನು ಕೇಳುವುದೇ ಇಲ್ಲ. ಸಾಲ ವಸೂಲಿಯ ಕಿರುಕುಳದಿಂದ ಜನ ಊರು ಬಿಡತೊಡಗಿದಾಗ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಿತು. ಕಿರುಕುಳಕ್ಕೆ ಶಿಕ್ಷೆಯಾದೀತು, ಜೂನ್‌ನ ಕೊರತೆ ಅದರಿಂದ ತುಂಬದು.

ಪವಿತ್ರ ಕುರ್‌ಆನ್ ಇಲ್ಲಿ ಸಾಲಗಾರನನ್ನು ಬಿಟ್ಟು ಸಾಲ ಕೊಟ್ಟವನ ಕಡೆಗೆ ತಿರುಗುತ್ತದೆ. ಅಸಲು ನಿಮ್ಮದೇ, ಬಡ್ಡಿಯನ್ನು ಬಿಟ್ಟುಬಿಡಿ. ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವ ತನಕ ಕಾಯಿರಿ. ಮನ್ನಾ ಮಾಡಿದರೆ ಇನ್ನೂ ಲೇಸು ಎಂಬುದು ಅಲ್-ಬಕರಃ ಅಧ್ಯಾಯದ 279 ಮತ್ತು 280ನೇ ಸೂಕ್ತಗಳ ಆಶಯ. ವಿದಾಯ ಹಜ್ಜ್‌ನ ಪ್ರವಚನದಲ್ಲಿ ಪ್ರವಾದಿವರ್ಯರು(ಸ) ಬಡ್ಡಿಯನ್ನು ರದ್ದುಗೊಳಿಸಿದಾಗ ಮೊತ್ತಮೊದಲು ರದ್ದಾದದ್ದು ಅವರ ಸ್ವಂತ ಚಿಕ್ಕಪ್ಪ ಅಬ್ಬಾಸ್‌ರಿಗೆ(ರ) ಬರಬೇಕಾಗಿದ್ದ ಬಡ್ಡಿ. ಊರವರಿಗೆ ಉಪದೇಶಿಸುವ ಮೊದಲು ಮನೆಯ ಲೆಕ್ಕದ ಪುಸ್ತಕ!

ಸಹೋದರರೇ, ನಮ್ಮ ಲೆಕ್ಕದ ಪುಸ್ತಕದಲ್ಲೇನಿದೆ? ನಮ್ಮವರಲ್ಲೂ ಕೆಲವರು ಅದೇ ಮೂರು ರೂಪಾಯಿಯನ್ನು 'ಲಾಭ'ವೆಂದು ಕರೆದು ತೆಗೆದುಕೊಳ್ಳುತ್ತಾರೆ. ಹೆಸರು ಬದಲಾದರೆ ವಸ್ತು ಬದಲಾಗದು. ಇನ್ನು ಕೆಲವರು ಬಡ್ಡಿಯನ್ನೂ ಮುಟ್ಟುವುದಿಲ್ಲ, ಸಾಲವನ್ನೂ ಕೊಡುವುದಿಲ್ಲ. ತಾವು ಶುದ್ಧರೆಂದು ನೆಮ್ಮದಿಯಾಗಿದ್ದಾರೆ. ಅವರು ಮುಚ್ಚಿದ ಬಾಗಿಲಿನಿಂದಲೇ ಬಡವ ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ.

ಒಂದು ಮಹಲ್ಲಾದ ಇಪ್ಪತ್ತು ಮನೆಗಳು ತಲಾ 5,000 ಕೂಡಿಸಿದರೆ ಒಂದು ಲಕ್ಷವಾಯಿತು. ಇಬ್ಬರು ರೈತರ ಬಿತ್ತನೆಯ ಸಾಲ. ಕುರ್‌ಆನ್ ಕಲಿಸಿದಂತೆ ಸಾಕ್ಷಿಗಳ ಮುಂದೆ ಬರೆದುಕೊಳ್ಳಲಿ. ಜನವರಿಯಲ್ಲಿ ಅಸಲು ಮರಳಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಬಾರದೆಯೂ ಇರಬಹುದು. ಆಗ ಕಾಯುವುದೂ ಆ ಸಾಲದೊಳಗೇ ಸೇರಿದೆ. ಈ ಮಾತನ್ನು ರಾಶಿಯ ಕಾಲದಲ್ಲೇ, ಕೈಯಲ್ಲಿ ಹಣವಿರುವಾಗಲೇ, ಜುಮಾ ಮುಗಿದ ಬಳಿಕ ಹತ್ತು ನಿಮಿಷ ಕುಳಿತು ಆಡಬೇಕು. ಜೂನ್‌ಗೆ ತಡವಾಗಿರುತ್ತದೆ.