ಕುಳ್ಳಗಿರುವುದು ವಂಶದ ಗುಣವಲ್ಲ

ಐದು ವರ್ಷದ ಮಗು ಮೂರು ವರ್ಷದ ಮಗುವಿನಷ್ಟೇ ಕಂಡರೆ ‘ಅವರ ಮನೆತನವೇ ಕುಳ್ಳ’ ಎಂದು ಹೇಳಿ ಸುಮ್ಮನಾಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಹೇಳಿದ್ದು ಬೇರೆಯೇ. ಒಳ್ಳೆಯ ಊಟ, ಆರೈಕೆ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬೆಳೆಯುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ಸ್ಥಿತಿ ಹೀಗಿದೆ.

ತೊಗರಿಯ ಕಣಜ ಎನಿಸಿಕೊಂಡ ಸೀಮೆ ಅದು. ಅಲ್ಲಿನ ತೊಗರಿ ದೂರದೂರದ ಅಡುಗೆಮನೆಗಳಿಗೆ ಹೋಗುತ್ತದೆ. ಅದನ್ನು ಕೊಯ್ಯುವ ಕೂಲಿಯ ಕೂಸಿಗೆ ಮಾತ್ರ ತಿಳಿಸಾರಿನಲ್ಲಿ ಅದ್ದಿದ ರೊಟ್ಟಿ. ನನ್ನನ್ನು ಹೆಚ್ಚು ಕಾಡುವುದು ಇದೇ.

ಮಗು ಹಿಂದೆ ಬೀಳುವುದು ಶಾಲೆಗೆ ಬರುವ ಹೊತ್ತಿಗಲ್ಲ. ಹೊಟ್ಟೆಯಲ್ಲಿರುವಾಗ ಶುರುವಾಗಿ, ಎರಡನೇ ಹುಟ್ಟುಹಬ್ಬದ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ರಕ್ತಹೀನತೆಯ ತಾಯಿ, ಹದಿನೆಂಟು ತುಂಬುವ ಮೊದಲೇ ಆದ ಮದುವೆ, ಒಂದು ಮಗು ನಡೆಯುವ ಮುಂಚೆಯೇ ಇನ್ನೊಂದು ಬಸಿರು. ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಆರು ತಿಂಗಳಾಗುತ್ತಲೇ ತಾಯಿಹಾಲಿನ ಜೊತೆ ಮೆತ್ತಗಿನ ಗಟ್ಟಿ ಆಹಾರ ಬೇಕು: ಬೇಳೆ, ಮೊಟ್ಟೆ, ಸೊಪ್ಪು, ಒಂದಿಷ್ಟು ಎಣ್ಣೆ. ಸಿಗುವುದು ತೆಳು ಗಂಜಿ. ಅದರ ಮೇಲೆ ಕೊಳಕು ನೀರು, ಬಯಲು ಶೌಚ, ಮತ್ತೆ ಮತ್ತೆ ಭೇದಿ. ತಿಂದದ್ದೂ ಮೈಗೆ ಹತ್ತುವುದಿಲ್ಲ. ಕುಗ್ಗುವುದು ಎತ್ತರವೊಂದೇ ಅಲ್ಲ, ಮಿದುಳು ಬೇಗ ಬೇಗ ಬೆಳೆಯುವ ಕಾಲವೂ ಇದೇ.

ಇಲ್ಲಿ ತಾಯಿಯನ್ನು ದೂರುವುದು ಸುಲಭ, ಆದರೆ ಅನ್ಯಾಯ. ಹತ್ತಿ ಬಿಡಿಸುವ ದಿನಗಳಲ್ಲಿ ಅವಳು ಬೆಳಗಾದರೆ ಹೊಲದಲ್ಲಿರುತ್ತಾಳೆ. ಕೂಸು ಅಜ್ಜಿಯ ಹತ್ತಿರವೋ ಎಂಟು ವರ್ಷದ ಅಕ್ಕನ ಕಂಕುಳಲ್ಲೋ ಇರುತ್ತದೆ. ಅಷ್ಟು ಚಿಕ್ಕ ಹೊಟ್ಟೆಗೆ ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕು. ತಿನ್ನಿಸುವ ಕೈ ಯಾವುದು? ಕುಟುಂಬ ಗುಳೆ ಹೋದರಂತೂ ಅಂಗನವಾಡಿಯ ಪಟ್ಟಿಯಿಂದಲೂ ಕೂಸು ಜಾರಿಬೀಳುತ್ತದೆ.

ನಾವು ಏನೂ ಮಾಡಿಲ್ಲ ಎಂದಲ್ಲ. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಟ್ಟಿತು. ಶಾಲೆಯ ಮಕ್ಕಳಿಗೆ ಮೊಟ್ಟೆ ಬಂತು. ಅದು ಬೇಕೇ ಬೇಕು. ಆದರೆ ಆರನೇ ವರ್ಷದ ಮೊಟ್ಟೆ ಮೊದಲ ವರ್ಷದ ಕೊರತೆಯನ್ನು ಪೂರ್ತಿ ತುಂಬಲಾರದು. ಮೂರು ವರ್ಷದೊಳಗಿನ ಮಗುವಿಗೆ ಅಂಗನವಾಡಿಯಿಂದ ಸಿಗುವುದು ಮನೆಗೆ ಒಯ್ಯುವ ಪೊಟ್ಟಣ. ಅದು ಮನೆಮಂದಿಗೆಲ್ಲ ಹಂಚಿಹೋದರೆ ಯಾರದು ತಪ್ಪು ಎನ್ನೋಣ?

ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯಲು ಹೊರಟದ್ದು ಸರಿಯಾದ ಹೆಜ್ಜೆ. ಅದು ಹೊಲದ ಕೂಲಿಗೆ ಹೋಗುವ ಎಲ್ಲ ತಾಯಂದಿರಿಗೂ ತೆರೆದಿರಬೇಕು. ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯಬೇಕು. ಅಲ್ಲಿ ಕೂಸಿಗೆ ಬಿಸಿ ಊಟ, ಮೊಟ್ಟೆ, ಕುದಿಸಿ ಆರಿಸಿದ ನೀರು ಸಿಗಬೇಕು. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ದಯವಿಟ್ಟು ಕೇಳಿ.