ಕೃತಕ ಕಾರ್ನಿಯಾ: ದಾನ ಯಾರದು?

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಬೆಳ್ಳಗಾದರೆ ಬೆಳಕು ಒಳಗೆ ಇಳಿಯುವುದಿಲ್ಲ. ಜನರ ಮಾತಿನಲ್ಲಿ ಇದು ಕಣ್ಣಿಗೆ ಹೂ ಬೀಳುವುದು. ಬೇರೊಬ್ಬರ ಕಾರ್ನಿಯಾ ಕಸಿ ಮಾಡಿ ದೃಷ್ಟಿ ಮರಳಿಸುವ ವಿದ್ಯೆ 1905ರಿಂದ ಇದೆ. ಆದರೆ ಸುಣ್ಣ, ಆ್ಯಸಿಡ್ ಬಿದ್ದು ಸುಟ್ಟ ಕಣ್ಣು, ಸ್ಟೀವನ್ಸ್-ಜಾನ್ಸನ್ ಕಾಯಿಲೆಯಿಂದ ಒಣಗಿದ ಕಣ್ಣು, ಮತ್ತೆ ಮತ್ತೆ ಕಸಿ ವಿಫಲವಾದ ಕಣ್ಣುಗಳಲ್ಲಿ ದಾನಿಯ ಕಾರ್ನಿಯಾ ಬಹಳ ದಿನ ತಾಳುವುದಿಲ್ಲ. ಕೃತಕ ಕಾರ್ನಿಯಾ ಇಂಥವರಿಗಾಗಿ. ಪಡೆದವನು ಯಾರಿಗೆ ಋಣಿ ಎಂಬ ಹಳೆಯ ಧರ್ಮಪ್ರಶ್ನೆ ಇಲ್ಲಿ ಹೊಸದಾಗಿ ಏಳುತ್ತದೆ.

ಕಣ್ಣು ಕೊಟ್ಟವರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡರ ಕಣ್ಣಪ್ಪ. ಅವನ ಕಥೆಯಲ್ಲಿ ಕೊಡುವವನೂ ಪಡೆಯುವವನೂ ಎದುರುಬದುರು. 1954ರ ಸಿನಿಮಾದಲ್ಲಿ ಆ ಪಾತ್ರ ಮಾಡಿದ ರಾಜ್‌ಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ ದಾನ ಮಾಡಲಾಯಿತು. 2021ರಲ್ಲಿ ಅವರ ಮಗ ಪುನೀತ್ ಅವರ ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಕೃತಕ ಕಾರ್ನಿಯಾ ಬಂದರೆ ಕೊಡುವವನೇ ಬೇಡ ಎಂದು ತೋರುತ್ತದೆ. ಒಳಹೊಕ್ಕು ನೋಡಿದರೆ ಹಾಗಿಲ್ಲ.

ಹೆಚ್ಚು ಬಳಕೆಯಲ್ಲಿರುವ ಬೋಸ್ಟನ್ ಕಾರ್ನಿಯಾದಲ್ಲಿ ಗುಂಡಿಯಾಕಾರದ ಪ್ಲಾಸ್ಟಿಕ್ ಮಸೂರವಿದೆ. ಅದರ ಮುಂದಿನ ಮತ್ತು ಹಿಂದಿನ ಬಿಲ್ಲೆಗಳ ನಡುವೆ ದಾನಿಯೊಬ್ಬರ ಕಾರ್ನಿಯಾವನ್ನೇ ಸಿಕ್ಕಿಸಿ ಕಣ್ಣಿಗೆ ಹೊಲಿಯುತ್ತಾರೆ. ಮಧುರೆಯ ಅರೋಲ್ಯಾಬ್ ತಯಾರಿಸುವುದೂ ಇದೇ ಮಾದರಿಯದು. ನೇರ ಕಸಿಗೆ ಒದಗದ ಕಾರ್ನಿಯಾವೂ ಇಲ್ಲಿ ಚೌಕಟ್ಟಾಗಿ ಕೆಲಸಕ್ಕೆ ಬರುತ್ತದೆ. ಕಣ್ಣು ತೀರ ಒಣಗಿದ್ದರೆ ರೋಗಿಯ ಹಲ್ಲನ್ನೇ ಬೇರು, ಎಲುಬಿನ ಸಮೇತ ತೆಗೆದು, ಕೊರೆದು, ಮಸೂರ ಕೂರಿಸುತ್ತಾರೆ. ಕೆಲವು ತಿಂಗಳು ಚರ್ಮದಡಿ ಹುದುಗಿಸಿಟ್ಟು ಆಮೇಲೆ ಕಣ್ಣಿಗೆ ಜೋಡಿಸುತ್ತಾರೆ. ಇಲ್ಲಿ ದಾನಿಯೂ ತಾನೇ, ಯಾಚಕನೂ ತಾನೇ! ದಾನಿಯ ಅಂಗಾಂಶವೇ ಬೇಡದ ಸಾಧನವೊಂದನ್ನು 2021ರಲ್ಲಿ ಇಸ್ರೇಲಿನಲ್ಲಿ ಅಳವಡಿಸಿದರು.

ಅಷ್ಟಕ್ಕೇ ಋಣ ಹರಿಯುವುದಿಲ್ಲ. ಬೋಸ್ಟನ್ ಮಾದರಿ ಹಾಕಿಸಿಕೊಂಡವರು ಬದುಕಿರುವ ತನಕ ಪ್ರತಿದಿನ ಆ್ಯಂಟಿಬಯಾಟಿಕ್ ಹನಿ ಹಾಕಿಕೊಳ್ಳಬೇಕು, ಗ್ಲಾಕೋಮಾಕ್ಕಾಗಿ ಪರೀಕ್ಷೆಗೆ ಹೋಗುತ್ತಿರಬೇಕು. ಹನಿ ಹಾಕುವ ಕೈ ಹೆಚ್ಚಾಗಿ ಮನೆಯವರದು. ‘ನಾನು ಕೊಟ್ಟೆ’ ಎಂಬ ಭಾವ ಉಳಿಯುವ ದಾನಕ್ಕಿಂತ, ಕೊಡುವುದೆಲ್ಲ ಶಿವನದೇ ಎಂದು ನಿತ್ಯ ನಡೆಸುವ ದಾಸೋಹ ದೊಡ್ಡದೆಂದು ಶರಣರು ತಿಳಿದಿದ್ದರು. ಕೃತಕ ಕಾರ್ನಿಯಾ ದಾನವನ್ನು ಇಲ್ಲವಾಗಿಸುವುದಿಲ್ಲ, ದಾಸೋಹದ ಕಡೆಗೆ ಸರಿಸುತ್ತದೆ ಎನ್ನುವುದೇ ಸರಿ.

ದಾನ ಉಳಿದರೂ ಅದಕ್ಕೆ ಅಡ್ಡ ಬರುವ ಮಾತುಗಳಿವೆ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡು, ಕುರುಡು ಹಿಂದಿನ ಜನ್ಮದ ಪಾಪ ಎಂಬ ಎರಡು ನಂಬಿಕೆಗಳು ಜೋಡಿಯಾಗಿಯೇ ಬರುತ್ತವೆ. ಎರಡನೆಯದಕ್ಕೆ ಹಾನಗಲ್ ತಾಲ್ಲೂಕೇ ಉತ್ತರ: ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿ, ದೇವಗಿರಿಯ ಪುಟ್ಟರಾಜ ಗವಾಯಿ ಇಬ್ಬರೂ ಅಂಧರು; ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟವರು. ಅವರನ್ನು ಪಾಪಿಗಳೆನ್ನುವ ನಾಲಿಗೆ ಈ ಸೀಮೆಯಲ್ಲಿಲ್ಲ. ಮೊದಲನೆಯ ನಂಬಿಕೆಯನ್ನು ಅಲ್ಲಗಳೆಯಲು ಯಾವ ಶಾಸ್ತ್ರಾಧಾರವೂ ಬೇಕಿಲ್ಲ, ಕಣ್ಣಪ್ಪನೊಬ್ಬನೇ ಸಾಕು.

ಅದೇ ತಾಲ್ಲೂಕಿನ ಅಕ್ಕಿಆಲೂರು ರಕ್ತದಾನಿಗಳ ಊರೆಂದು ಹೆಸರಾಗಿದೆ. ರಕ್ತ ಬದುಕಿದ್ದಾಗ ತಾನೇ ಹೋಗಿ ಕೊಡುವಂಥದ್ದು. ಕಣ್ಣು ಹಾಗಲ್ಲ, ಮನೆಯವರು ಒಪ್ಪಿ ಕೊಡಬೇಕು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಅದನ್ನು ತೆಗೆಯಬೇಕಾದ್ದರಿಂದ, ಕೊಡುವ ಮನಸ್ಸಿದ್ದವರು ಮಾತನ್ನು ಮನೆಯಲ್ಲಿ ಮೊದಲೇ ಹೇಳಿಟ್ಟಿರಬೇಕು.